ಮನೆಗೆ ಕಿರಿಯ, ಜೂಮ್‌ಗೆ ಯಜಮಾನ

"ನೀನೇ ತಾನೇ ಎಲ್ಲರಿಗಿಂತ ಚಿಕ್ಕವನು, ಹಾಡು" ಅನ್ನುವ ಬಾಯೇ ಎರಡು ನಿಮಿಷ ಕಳೆದು "ನೀನೇ ತಾನೇ ಇದೆಲ್ಲ ಗೊತ್ತಿರೋನು, ಸರಿಮಾಡು" ಅನ್ನುತ್ತದೆ. 2020ರ ಲಾಕ್‌ಡೌನ್ ಅಮೆರಿಕದ ಯಹೂದಿ ಮನೆಗಳ ಹದಿನೈದು-ಹದಿನಾರರ ಮಕ್ಕಳಿಗೆ ಕೊಟ್ಟ ಕಾಟಗಳಲ್ಲಿ ಇದಕ್ಕೆ ಮಾತ್ರ ಮಾಫಿ ಇಲ್ಲ. ವೈರಸ್ಸಿಗಾದರೆ ಬುದ್ಧಿಯಿಲ್ಲ. ಚಿಕ್ಕಪ್ಪನಿಗೆ ಇರಬೇಕಿತ್ತಲ್ಲ.

ಆ ವರ್ಷ ಪಾಸೋವರ್ ಹಬ್ಬ ಏಪ್ರಿಲ್ 8ರ ಸಂಜೆ ಶುರುವಾಯಿತು. ಮೊದಲ ರಾತ್ರಿ ಸೇಡರ್ ಊಟ. ಊಟ ಅನ್ನುವುದು ಮರ್ಯಾದೆಗೆ. ಇರುವ 15 ಹಂತಗಳಲ್ಲಿ ತಟ್ಟೆಗೆ ಅನ್ನಾಹಾರ ಬೀಳುವುದು 11ನೆಯದರಲ್ಲಿ. ಅಲ್ಲಿಯವರೆಗೆ ಹಗ್ಗಾದಾ ಪುಸ್ತಕ ಹಿಡಿದು ಈಜಿಪ್ಟಿನ ಗುಲಾಮಗಿರಿಯಿಂದ ಪಾರಾದ ಕತೆ ಓದಬೇಕು, ಉಪ್ಪುನೀರಿನಲ್ಲಿ ಅದ್ದಿದ ಸೊಪ್ಪಿನ ಎಸಳು ಚೀಪಬೇಕು, ಎರಡು ಸಲ ಕೈ ತೊಳೆಯಬೇಕು. (ಆ ವರ್ಷ ಕೈ ತೊಳೆಯಿರಿ ಎಂದು ಯಾರಿಗೂ ನೆನಪಿಸಬೇಕಾಗಿರಲಿಲ್ಲ.) ಕಹಿಗೆ ಹಾರ್ಸ್‌ರ‍್ಯಾಡಿಷ್ ಬೇರಿನ ತುರಿ, ಸಿಹಿಗೆ ಸೇಬು, ಅಕ್ರೋಟು, ದಾಲ್ಚಿನ್ನಿ ಹಾಕಿ ವೈನಿನಲ್ಲಿ ಕಲಸಿದ ಹರೋಸೆತ್. ಲಾಕ್‌ಡೌನಿನ ಮೊದಲ ದಿನವೇ, ಮಾರ್ಚ್ 25ಕ್ಕೆ, ಯುಗಾದಿಯ ಬೇವು-ಬೆಲ್ಲ ತಿಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಅತಿ ಕಿರಿಯ ಸದಸ್ಯ ಎದ್ದು 'ಮಾ ನಿಶ್ತನಾ' ಎಂಬ ನಾಲ್ಕು ಪ್ರಶ್ನೆಗಳನ್ನು ರಾಗವಾಗಿ ಕೇಳುವುದು ಸಂಪ್ರದಾಯ. ಮಾಮೂಲಿ ವರ್ಷದಲ್ಲಿ ಇಪ್ಪತ್ತು ಜನರ ಮೇಜಿನಲ್ಲಿ ಏಳು ವರ್ಷದ ಯಾವುದೋ ತಂಗಿ ಹಾಡುತ್ತಾಳೆ, ಎಲ್ಲರೂ ಕರಗುತ್ತಾರೆ. ಹದಿನೈದರವನು ಆ ಹುದ್ದೆಯಿಂದ ನಿವೃತ್ತನಾಗಿ ಎಷ್ಟೋ ವರ್ಷವಾಗಿದೆ. ಆದರೆ ಲಾಕ್‌ಡೌನ್‌ನಲ್ಲಿ ತಂಗಿ ಅವಳ ಮನೆಯಲ್ಲಿ, ಇವನು ಇವನ ಮನೆಯಲ್ಲಿ. ಮೇಜಿಗೆ ಅಪ್ಪ, ಅಮ್ಮ, ಇವನು. ಮತ್ತೆ ಕಿರಿಯ! ಗಂಟಲು ಒಡೆದ ಹುಡುಗ ಒಂದು ಸಾಲಿನಲ್ಲಿ ಕೊಳಲು, ಮುಂದಿನ ಸಾಲಿನಲ್ಲಿ ಶಂಖ. "ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ?" ಎಂದು ಅವನು ಕೇಳಬೇಕು, ಅದೂ ಮೂರು ವಾರದಿಂದ ಅದೇ ಪೈಜಾಮ, ಅದೇ ಮೇಜು, ಅದೇ ಲ್ಯಾಪ್‌ಟಾಪ್ ಇರುವಾಗ. ಇವತ್ತು ಮಾತ್ರ ಯಾಕೆ ಎಲ್ಲರೂ ಒರಗಿ ಕೂತು ಉಣ್ಣುತ್ತೇವೆ ಎಂಬುದೂ ಆ ನಾಲ್ಕರಲ್ಲಿ ಒಂದು. ಶಾಲೆ ಮುಚ್ಚಿದಾಗಿನಿಂದ ಅವನು ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ.

ಇದು ಅವನ ಕಿರಿಯ ಅವತಾರ. ಯಜಮಾನನ ಅವತಾರಕ್ಕೆ ಜೂಮ್‌ನಲ್ಲಿ ಹೋಸ್ಟ್ ಎಂದು ಹೆಸರು. ಹಬ್ಬಕ್ಕೆ ಸರಿಯಾಗಿ ಮೂರು ದಿನ ಮುಂಚೆ, ಏಪ್ರಿಲ್ 5ಕ್ಕೆ, ಜೂಮ್ ತನ್ನ ಉಚಿತ ಖಾತೆಗಳಿಗೆ ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್ ಎರಡನ್ನೂ ತಾನಾಗಿಯೇ ಚಾಲೂ ಮಾಡಿತು. ಕರೆಯದೇ ನುಗ್ಗುವ ಕಿಡಿಗೇಡಿಗಳನ್ನು ತಡೆಯಲು, ಒಳ್ಳೆಯದೇ. ಆದರೆ ಮೀಟಿಂಗ್ ನಂಬರನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದ ಫ್ಲೋರಿಡಾದ ಅಜ್ಜಿ ಏನು ಮಾಡಬೇಕು? ಬಾಗಿಲಲ್ಲಿ 'ಐಫೋನ್' ಎಂಬ ಹೆಸರಿನವರೊಬ್ಬರು ಕಾಯುತ್ತಿರುತ್ತಾರೆ. ಅತ್ತೆಯೋ, ಕಿಡಿಗೇಡಿಯೋ? ಪ್ರತಿ ಸೇಡರಿನಲ್ಲೂ ಎಲೀಯ ಪ್ರವಾದಿಗೆಂದು ಬಾಗಿಲು ತೆರೆದಿಡುತ್ತಾರೆ, ಒಂದು ಲೋಟ ವೈನೂ ಇಡುತ್ತಾರೆ. ಆ ವರ್ಷ ಅವನೂ ಬಂದಿದ್ದರೆ 'ಅಡ್ಮಿಟ್' ಒತ್ತುವ ತನಕ ಹೊರಗೇ.

ಈಗ ಚಿಕ್ಕಪ್ಪ. ಮಾತ್ಸಾ ಎಂದರೆ ಹಿಟ್ಟು-ನೀರು ಬೆರೆತ 18 ನಿಮಿಷದೊಳಗೆ, ಹುಳಿ ಬರುವ ಮುನ್ನವೇ, ಸುಟ್ಟು ತೆಗೆದ ರೊಟ್ಟಿ. ಹಪ್ಪಳಕ್ಕಿಂತ ಗಟ್ಟಿ. ಅವತ್ತು ಎಂಟನೆಯ ಹಂತದವರೆಗೆ ಅದನ್ನು ಮುಟ್ಟುವಂತಿಲ್ಲ. ಹಸಿದ ಚಿಕ್ಕಪ್ಪಂದಿರು ಮುಟ್ಟುತ್ತಾರೆ. ಇದರಲ್ಲಿ ಜೂಮ್‌ನ ಪಾತ್ರವೇನೆಂದರೆ, ಸ್ಪೀಕರ್ ವ್ಯೂನಲ್ಲಿ ಯಾರ ಸದ್ದು ಜೋರೋ ಅವರ ಮುಖ ಇಡೀ ಪರದೆಗೆ ಬರುತ್ತದೆ. ಅಜ್ಜ ಮೆಲ್ಲನೆ "ನಾವು ಫರೋಹನ ಗುಲಾಮರಾಗಿದ್ದೆವು" ಎಂದು ಓದುತ್ತಿದ್ದಾನೆ, ಕರ್ರುಂ! ಅಂತ ಸದ್ದು, ಪರದೆಯ ತುಂಬ ಚಿಕ್ಕಪ್ಪನ ದವಡೆ. ಅಜ್ಜ ಮರಳುತ್ತಾನೆ. ಕರ್ರುಂ. ಮತ್ತೆ ದವಡೆ, ಈ ಸಲ ಮೀಸೆಯಲ್ಲಿ ಚೂರು ಸಮೇತ. ಯಾರು ತಿನ್ನುತ್ತಿದ್ದಾರೆಂದು ಅತ್ತೆ ಗದರಿದರೆ ಚಿಕ್ಕಪ್ಪನೂ ಗಂಭೀರವಾಗಿ ಅತ್ತಿತ್ತ ಹುಡುಕುತ್ತಾನೆ. ಎಲ್ಲರೂ ಗ್ಯಾಲರಿ ವ್ಯೂಗೆ ಬಂದರೆ ಮುಖಗಳು ಸಣ್ಣ ಚೌಕಗಳಾಗಿ ತೊಂದರೆ ನೀಗುತ್ತದೆ. ಆದರೆ ಅದನ್ನು ಒಬ್ಬೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಮಾಡಿಕೊಳ್ಳಬೇಕು, ಹೇಳಿಕೊಡುವ ಹೊತ್ತಿಗೆ ವೈನ್ ಬಿಸಿಯಾಗುತ್ತದೆ. ಹೋಸ್ಟಿಗೆ ಉಳಿದದ್ದು ಮ್ಯೂಟ್. ಇನ್ನೊಬ್ಬರ ಬಾಯನ್ನು ಹೋಸ್ಟ್ ಮುಚ್ಚಬಹುದು, ಬಿಚ್ಚಲು ಮಾತ್ರ ಅವರೇ ಒಪ್ಪಬೇಕು. ಹಾಗಾಗಿ ಚಿಕ್ಕಪ್ಪನ ಸರದಿ ಬಂದಾಗ ಆತ ಎರಡು ಪುಟ ಭಾವಪೂರ್ಣವಾಗಿ, ಕೈ ಆಡಿಸುತ್ತ, ಸದ್ದೇ ಇಲ್ಲದೆ ಓದಿ ಮುಗಿಸುತ್ತಾನೆ. ಹಿಂದಿನ ಸೇಡರ್‌ಗಳಲ್ಲಿ ಇಂಥ ಸೌಲಭ್ಯ ಇರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಒಟ್ಟಿಗೆ ಹಾಡುವ ಆಸೆ ಬಿಡಬೇಕು. ಪ್ರತಿ ಮನೆಯ ದನಿ ಬೇರೆ ಬೇರೆ ಹೊತ್ತಿಗೆ ತಡವಾಗಿ ತಲುಪುತ್ತದೆ, ಸಾಫ್ಟ್‌ವೇರು ಒಂದನ್ನು ಎತ್ತಿ ಉಳಿದದ್ದನ್ನು ಅದುಮುತ್ತದೆ. ಒಬ್ಬರು ಹಾಡಿ, ಉಳಿದವರು ಮ್ಯೂಟ್‌ನಲ್ಲಿ ತಮ್ಮ ಗೋಡೆಗೆ ಹಾಡಿಕೊಳ್ಳುವುದೇ ದಾರಿ. ಅದರ ಮೇಲೆ ಉಚಿತ ಖಾತೆಯ ಗಡುವು. ಪಾರಾದ ಮೇಲೆ ಮರುಭೂಮಿಯಲ್ಲಿ 40 ವರ್ಷ ಅಲೆದವರ ಕತೆಗೆ ಜೂಮ್ ಕೊಟ್ಟದ್ದು 40 ನಿಮಿಷ. ಅತ್ತೆಗಾಗಿ ಕಾದದ್ದೂ ಲೆಕ್ಕಕ್ಕೆ. ಈಜಿಪ್ಟಿಗೆ ಬಡಿದ ಹತ್ತು ಪಿಡುಗುಗಳ ಹೆಸರು ಹೇಳುತ್ತ ಬೆರಳಲ್ಲಿ ಒಂದೊಂದು ಹನಿ ವೈನ್ ತೆಗೆಯುತ್ತಿರುತ್ತಾರೆ: ರಕ್ತ, ಕಪ್ಪೆ, ಹೇನು... ಎಂಟನೆಯದು ಮಿಡತೆ, ಒಂಬತ್ತನೆಯದು ಕತ್ತಲೆ, ಪರದೆಯೂ ಕತ್ತಲೆ. ಎಲ್ಲರೂ ಮತ್ತೆ ವೇಟಿಂಗ್ ರೂಮಿಗೆ.

ಅಫಿಕೋಮನ್ ಹುಡುಕಾಟವೂ ಸಪ್ಪೆ. ನಡುವಿನ ಮಾತ್ಸಾ ಮುರಿದು ದೊಡ್ಡ ತುಂಡನ್ನು ಬಚ್ಚಿಡುತ್ತಾರೆ, ಹುಡುಕಿದ ಮಕ್ಕಳಿಗೆ ಕಾಸು. ವಾರಗಟ್ಟಲೆ ಒಳಗೇ ಇದ್ದ ಮನೆಯಲ್ಲಿ ಗೊತ್ತಿಲ್ಲದ ಮೂಲೆ ಯಾವುದು ಉಳಿದಿದೆ?

ಕಟ್ಟುನಿಟ್ಟಿನ ಮನೆಗಳಲ್ಲಿ ಈ ಗೋಳಿಲ್ಲ, ಬೇರೆ ಗೋಳು. ಹಬ್ಬದ ದಿನ, ವಾರದ ವಿರಾಮದ ಸಬ್ಬತ್ ದಿನ ಯಂತ್ರ ಮುಟ್ಟುವಂತಿಲ್ಲ. ಇಸ್ರೇಲಿನ ಹೊರಗೆ ಆ ವರ್ಷ ಮೊದಲೆರಡು ದಿನ ಗುರುವಾರ, ಶುಕ್ರವಾರ, ಬೆನ್ನಿಗೇ ಸಬ್ಬತ್: ಬುಧವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಫೋನಿಲ್ಲ, ಗೆಳೆಯರಿಲ್ಲ, ಪ್ರಾರ್ಥನಾ ಮಂದಿರ ಸಿನಗಾಗೂ ಮುಚ್ಚಿದೆ. ಇಸ್ರೇಲಿನಲ್ಲಿ ಉತ್ತರ ಆಫ್ರಿಕಾ ಮೂಲದ ಕೆಲವು ರಬ್ಬಿಗಳು, ಅಂದರೆ ಧರ್ಮಗುರುಗಳು, ಹಬ್ಬಕ್ಕೆ ಮುಂಚೆಯೇ ಹಚ್ಚಿಟ್ಟ ಕಂಪ್ಯೂಟರಾದರೆ ಒಂಟಿ ಹಿರಿಯರಿಗೋಸ್ಕರ ಆಗಬಹುದು ಎಂದರು. ಅಲ್ಲಿನ ಮುಖ್ಯ ರಬ್ಬಿಗಳು ಒಪ್ಪಲಿಲ್ಲ. ಹಾಗೆ ಹಚ್ಚಿಡುವುದೂ ಸಲೀಸಲ್ಲ. ಚಾರ್ಜರ್ ಸಿಕ್ಕಿಸಿ, ಸ್ಲೀಪ್ ಸೆಟ್ಟಿಂಗನ್ನು 'ನೆವರ್'ಗೆ ಇಟ್ಟು, ಅಪ್‌ಡೇಟ್ ನಿಲ್ಲಿಸಿ, ಸೂರ್ಯ ಮುಳುಗುವ ಮೊದಲು ಕೈ ತೆಗೆಯಬೇಕು. ಆಮೇಲೆ ದೇವರಿಚ್ಛೆ.

ಒಂಟಿಯಾಗಿ ಸೇಡರ್ ಮಾಡುವವರು ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬೇಕೆಂದು ಹಳೆಯ ನಿಯಮವೊಂದಿದೆ. ಆ ವರ್ಷ ಎಷ್ಟೋ ಅಜ್ಜಿಯರು ಹಾಗೇ ಮಾಡಿದರು, ಮೇಜಿಗೆ ಪೂರ್ತಿ ತಟ್ಟೆ ಜೋಡಿಸಿ, ಎದುರಿಗೆ ಖಾಲಿ ಕುರ್ಚಿಗಳನ್ನಿಟ್ಟುಕೊಂಡು.

ಸೆಪ್ಟೆಂಬರಿಗೆ ಹೊಸವರ್ಷ, ರೋಶ್ ಹಶಾನಾ. ಟಗರಿನ ಕೊಂಬಿನ ಷೋಫರ್ ಊದಬೇಕು. ಊದುವವರ ಉಸಿರು ಹರಡದಿರಲೆಂದು ಕೊಂಬಿನ ಅಗಲ ಬಾಯಿಗೇ ಸರ್ಜಿಕಲ್ ಮಾಸ್ಕ್. ಜೂಮ್‌ನಲ್ಲಿ ಊದಿದರೆ ಅದನ್ನು ಬೀದಿ ಗದ್ದಲವೆಂದು ತಿಳಿದು ಸಾಫ್ಟ್‌ವೇರು ಅಳಿಸಿಬಿಡುತ್ತದೆ. ಆಡಿಯೋ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್' ಹಚ್ಚಬೇಕು. ಯಾರು ಹಚ್ಚಬೇಕು ಎಂದು ಬೇರೆ ಹೇಳಬೇಕೆ?

ಡಿಸೆಂಬರಿನಲ್ಲಿ ಎಂಟು ರಾತ್ರಿ ಬತ್ತಿ ಹಚ್ಚುವ ಹನುಕ್ಕಾ. ಕೊನೆಯ ರಾತ್ರಿ, 17ಕ್ಕೆ, ಜೂಮ್ ಉದಾರವಾಗಿ ಕಾಲಮಿತಿ ತೆಗೆದುಹಾಕಿತು. ಮೂರು ಗಂಟೆಯ ಸೇಡರ್‌ಗೆ ಕೊಡದ ಸಮಯವನ್ನು ಐದು ನಿಮಿಷದಲ್ಲಿ ಹಚ್ಚಿ ಮುಗಿಯುವ ಮೇಣದಬತ್ತಿಗಳಿಗೆ ಕೊಟ್ಟಿತು. ಬತ್ತಿ ಆರಿದರೂ ಯಾರೂ ಏಳುವುದಿಲ್ಲ. "ಟೈಮ್ ಆಗೋಯ್ತು" ಅನ್ನುವ ಇದ್ದೊಂದು ನೆಪವೂ ಹೋಯಿತು. ಎಲ್ಲರನ್ನೂ ಒಮ್ಮೆಗೇ ಕಳಿಸುವ 'ಎಂಡ್ ಮೀಟಿಂಗ್ ಫಾರ್ ಆಲ್' ಬಟನ್ ಹೋಸ್ಟಿಗೆ ಇದ್ದೇ ಇದೆ. ಒತ್ತಿದರೆ ಐದೇ ನಿಮಿಷಕ್ಕೆ ಅಜ್ಜಿಯ ಫೋನು: "ನೆಟ್ ಹೋಯ್ತೇನೋ ಮಗಾ? ಇನ್ನೊಂದು ಸಲ ಲಿಂಕ್ ಕಳಿಸು, ಎಲ್ಲರೂ ಕಾಯ್ತಿದ್ದಾರೆ."