ಒಂದು ಹೆಡರ್ ಫೈಲ್‌ಗೆ ಇಡೀ ಭಾನುವಾರ

ಜಯನಗರದ ಮನೆಯಲ್ಲಿ ಕೂತು ಒಂದು ಹಳೇ ಪ್ರೋಗ್ರಾಂ ಕಂಪೈಲ್ ಮಾಡಲು, ಅಂದರೆ ಅದರ ಕೋಡ್ ಅನ್ನು ಓಡುವ ರೂಪಕ್ಕೆ ತರಲು ಹೊರಟೆ. ‘ಎಸ್‌ಎಸ್‌ಎಲ್ ಡಾಟ್ ಎಚ್’ ಎಂಬ ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಫೈಲ್) ಸಿಗಲಿಲ್ಲ ಎಂದು ನಿಂತಿತು. ಆ ಫೈಲ್ ಸೇರಿದ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಆಗಲೇ ಇದೆ ಅಲ್ವಾ? ಇದೆ, ಆದರೆ ಓಡಿಸಲು ಬೇಕಾದ ಭಾಗ ಮಾತ್ರ. ಹೆಡರ್ ಫೈಲ್‌ಗಳಿಗೆ ಲಿಬ್‌ಎಸ್‌ಎಸ್‌ಎಲ್-ಡೆವ್ ಎಂಬ ಪ್ಯಾಕೇಜ್ ಬೇರೆ ಹಾಕಬೇಕು. ಇಷ್ಟನ್ನು ಆ ಎರರ್ ಮೆಸೇಜೇ ಹೇಳಬಾರದಾ?

ಹಾಕಿದೆ. ಆದರೂ ಆಗಲಿಲ್ಲ. ಪ್ರೋಗ್ರಾಂಗೆ ಓಪನ್‌ಎಸ್‌ಎಸ್‌ಎಲ್‌ನ 1.1 ಆವೃತ್ತಿ ಬೇಕು, ನನ್ನ ಲಿನಕ್ಸ್ ಆದ ಉಬುಂಟು 22.04ರಲ್ಲಿ ಇರುವುದು 3.0. ಹಳೆಯದಕ್ಕೆ ಉಚಿತ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ನಿಂತಿದೆ. ಅದನ್ನು ಹಾಕಲು ನನಗೆ ಮನಸ್ಸಿಲ್ಲ.

ಸರಿ, ಹಾಕಿದ ಡೆವ್ ಪ್ಯಾಕೇಜ್ ತೆಗೆಯೋಣ ಅಂದರೆ ಅಲ್ಲೂ ಭಯ. ಅದನ್ನು ತೆಗೆದರೆ ಜಾಸ್ತಿ ತೊಂದರೆ ಇಲ್ಲ. ಕೈತಪ್ಪಿ, ಓಡಿಸುವ ಭಾಗವಾದ ಲಿಬ್‌ಎಸ್‌ಎಸ್‌ಎಲ್3 ಎಂದು ಟೈಪ್ ಮಾಡಿದರೆ, ಅದನ್ನೇ ನೆಚ್ಚಿಕೊಂಡ ಎಷ್ಟೋ ಪ್ಯಾಕೇಜ್‌ಗಳು ಜೊತೆಗೇ ಹೋಗುತ್ತವೆ. ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ಎರಡು ಸಲ ಓದಿದ ಮೇಲೇ ಒಪ್ಪಿಗೆಯ ‘ವೈ’ ಒತ್ತಿದೆ.