ಹೊಸ ಚೈನ್ ತುಂಡಾದರೆ ಬೈಸಿಕೊಳ್ಳೋದು ಯಾರು?

ಹೊಸ ಸೈಕಲ್ ತಗೊಂಡು ಹತ್ತೊಂಬತ್ತನೇ ದಿನ. ಸಿಗ್ನಲ್ ಹಸಿರಾಯಿತು, ಸೀಟಿನಿಂದ ಎದ್ದು ಜೋರಾಗಿ ಪೆಡಲ್ ಒತ್ತಿದೆ. ಟಕ್ ಅಂತ ಸದ್ದು. ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ ಕಾಲು ಕೆಳಗೆ ಹೋಯಿತು, ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಬೀಳಲಿಲ್ಲ, ಅಷ್ಟೇ. ಚೈನ್ ನನಗಿಂತ ಎರಡು ಮಾರು ಹಿಂದೆ ರಸ್ತೆಯಲ್ಲಿ ಬಿದ್ದಿತ್ತು.

ಜರ್ಮನಿಗೆ ಬಂದು ಹನ್ನೊಂದು ವರ್ಷ ಆಯಿತು. ಆದರೂ ಆ ರಾತ್ರಿ ನಾನು ಮಾಡಿದ್ದು ಅಪ್ಪಟ ನಮ್ಮೂರಿನ ಕೆಲಸ. ಅಂಗಡಿಯವನಿಗೆ ಏನು ಹೇಳಬೇಕು ಅಂತ ಪಾಠ ಒಪ್ಪಿಸಿಕೊಂಡೆ. ಮಳೆಯಲ್ಲಿ ನಿಲ್ಲಿಸಿಲ್ಲ. ಯಾರಿಗೂ ಓಡಿಸಲು ಕೊಟ್ಟಿಲ್ಲ. ಹಿಂದೆ ಯಾರನ್ನೂ ಕೂರಿಸಿಕೊಂಡಿಲ್ಲ. ಬಿಲ್ಲನ್ನು ಎರಡು ಸಲ ಮಡಚಿ ಜೇಬಿನಲ್ಲಿಟ್ಟೆ. ಒಟ್ಟಿನಲ್ಲಿ ಚೈನ್ ತುಂಡಾದದ್ದು ನನ್ನಿಂದಲ್ಲ ಅಂತ ಸಾಬೀತು ಮಾಡಲು ಹೊರಟವನ ಹಾಗೆ ತಯಾರಾದೆ. ಅತ್ತೆ ಒಡೆದರೆ ಒಡಕು ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಅಂತಾರಲ್ಲ, ಗಿರಾಕಿ ಅಂದರೆ ಯಾವಾಗಲೂ ಸೊಸೆಯೇ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಮೆಕ್ಯಾನಿಕ್ ನನ್ನ ಪಾಠ ಕೇಳಲೇ ಇಲ್ಲ. ಚೈನ್‌ನ ತುಂಡಾದ ತುದಿಯನ್ನು ಬಟ್ಟೆಯಲ್ಲಿ ಒರೆಸಿ ದೀಪಕ್ಕೆ ಹಿಡಿದ. ಹೊರಗಿನ ಪಟ್ಟಿ ಒಂದು ಕಡೆ ಪಿನ್ನಿನಿಂದ ಕಳಚಿ, ನಾಯಿಯ ಕಿವಿಯ ಹಾಗೆ ಹೊರಕ್ಕೆ ಬಾಗಿತ್ತು. ಉಗುರಿನಿಂದ ಆ ಪಿನ್ನನ್ನು ತಟ್ಟಿ, "ಇಲ್ಲೇ ನಾವು ಜೋಡಿಸಿದ್ದು" ಅಂದ. ಅಷ್ಟೇ ಮಾತು. ಬಿಲ್ ಜೇಬಿನಲ್ಲೇ ಉಳಿಯಿತು.

ಇದರಲ್ಲೊಂದು ಸಣ್ಣ ಇಂಜಿನಿಯರಿಂಗ್ ಇದೆ, ನನಗೂ ಆಗಲೇ ಗೊತ್ತಾದದ್ದು. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಗೇರ್ ಸೈಕಲ್ಲಿನ ಒಂದು ಚೈನ್‌ನಲ್ಲಿ ಅಂಥವು ನೂರಕ್ಕೂ ಜಾಸ್ತಿ. ಹೊಸ ಚೈನ್ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಉದ್ದವೇ ಇರುತ್ತದೆ. ಸೈಕಲ್ಲಿಗೆ ತಕ್ಕಂತೆ ಕೆಲವು ಲಿಂಕ್ ತೆಗೆದು ಎರಡು ತುದಿಗಳನ್ನು ಸೇರಿಸಬೇಕು. ಈಗಿನ ತೆಳು ಚೈನ್‌ಗಳಲ್ಲಿ ಪಿನ್ನಿನ ತುದಿಯನ್ನು ಕಾರ್ಖಾನೆಯಲ್ಲೇ ಒತ್ತಿ ಅಗಲ ಮಾಡಿರುತ್ತಾರೆ. ಪಟ್ಟಿ ಕಳಚದಂತೆ ಹಿಡಿದಿಡುವುದು ಅದೇ. ಒಮ್ಮೆ ಹೊರಗೆ ತಳ್ಳಿದ ಪಿನ್ನನ್ನೇ ಮತ್ತೆ ಒಳಗೆ ಒತ್ತಿದರೆ ಆ ಹಿಡಿತ ವಾಪಸ್ ಬರುವುದಿಲ್ಲ. ಜೋಡಿಸಲು ಬೇರೆ ಪಿನ್ನೇ ಬೇಕು, ಇಲ್ಲವೇ ಪಿನ್ ಒತ್ತದೆಯೇ ಎರಡು ತುದಿ ಸೇರಿಸುವ ಕ್ವಿಕ್ ಲಿಂಕ್ ಅನ್ನುವ ಕೊಂಡಿ. ನಮ್ಮ ಹಳೆಯ ಕರಿ ಸೈಕಲ್ಲಿನ ದಪ್ಪ ಚೈನ್ ಆದರೆ ಸುತ್ತಿಗೆಯಲ್ಲಿ ಎರಡು ಏಟು ಹಾಕಿದರೂ ವರ್ಷಗಟ್ಟಲೆ ಓಡುತ್ತಿತ್ತು. ಇವು ಹಾಗಲ್ಲ.

ಹಾಗಾಗಿ ಎಲ್ಲಿ ತುಂಡಾಯಿತು ಅನ್ನುವುದೇ ಅರ್ಧ ಉತ್ತರ. ಜೋಡಿಸಿದ ಕಡೆ ಬಿಟ್ಟುಕೊಂಡರೆ ಜೋಡಿಸಿದವನ ಕೈಯನ್ನು ಅನುಮಾನಿಸಬೇಕು. ಮಧ್ಯದಲ್ಲೆಲ್ಲೋ ಪಟ್ಟಿಯೇ ಬಿರುಕು ಬಿಟ್ಟಿದ್ದರೆ ಲೋಹ ಸರಿಯಿಲ್ಲದಿರಬಹುದು. ಪಟ್ಟಿಗಳು ತಿರುಚಿಕೊಂಡಿದ್ದರೆ, ದಿಬ್ಬ ಹತ್ತುವಾಗ ಪೂರ್ತಿ ಭಾರ ಹಾಕಿಕೊಂಡೇ ಗೇರ್ ಬದಲಿಸುವ ನನ್ನಂಥವರ ಕಡೆಗೂ ಬೆರಳು ತಿರುಗುತ್ತದೆ. ಆ ಚಟ ನನಗಿದೆ. ಅದನ್ನು ಮೆಕ್ಯಾನಿಕ್‌ಗೆ ಹೇಳಲಿಲ್ಲ.

ಅವನು ಕೇಳಲೂ ಇಲ್ಲ. ಯಾಕೆ ಕೇಳಲಿಲ್ಲ ಅನ್ನುವುದೇ ನಾನು ಹೇಳಬೇಕಾದ ವಿಷಯ. ಅವನು ದೇವರಂಥ ಮನುಷ್ಯ ಅಂತಲ್ಲ. ಇಲ್ಲಿನ ಕಾನೂನಿನಲ್ಲಿ ಗೆವೇರ್‌ಲೈಸ್ಟುಂಗ್ ಅಂತ ಒಂದಿದೆ. ಹೊಸ ಸಾಮಾನಿಗೆ ಎರಡು ವರ್ಷ ಮಾರಿದವನೇ ಹೊಣೆ, ತಯಾರಿಸಿದ ಕಂಪನಿಯಲ್ಲ. ಕಂಪನಿ ಕೊಡುವ ಗ್ಯಾರಂಟಿ ಬೇರೆ, ಅದು ಅವರ ಇಷ್ಟ. ಮುಖ್ಯವಾದ ಮಾತು ಇನ್ನೊಂದು. ಮೊದಲ ಒಂದು ವರ್ಷದೊಳಗೆ ದೋಷ ಕಂಡರೆ, ಮಾರುವಾಗಲೇ ಅದು ಇತ್ತು ಅಂತಲೇ ಲೆಕ್ಕ. ಇರಲಿಲ್ಲ ಅಂತ ತೋರಿಸುವ ಕೆಲಸ ಅಂಗಡಿಯವನದು. ಮೊದಲು ಇದು ಆರು ತಿಂಗಳಿತ್ತು, 2022ರ ಜನವರಿಯಿಂದ ಒಂದು ವರ್ಷ ಮಾಡಿದ್ದಾರೆ. ಒಂದು ಚೈನ್‌ಗೋಸ್ಕರ ನನ್ನ ತಪ್ಪು ಹುಡುಕುತ್ತಾ ಕೂರುವುದಕ್ಕಿಂತ ಹೊಸದು ಹಾಕಿ ಕಳಿಸುವುದು ಅವನಿಗೇ ಲಾಭ.

ಹಾಗಂತ ಇಲ್ಲಿ ಎಲ್ಲವೂ ಪುಕ್ಕಟೆ ಅಂದುಕೊಳ್ಳಬೇಡಿ. ಸವೆತಕ್ಕೆ ಯಾರೂ ಹೊಣೆಯಲ್ಲ. ನಮ್ಮ ಪಕ್ಕದ ಮನೆಯವರು ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವರು, ಹತ್ತು ತಿಂಗಳಲ್ಲೇ ಚೈನ್ ಹಿಗ್ಗಿತು ಅಂತ ಅಂಗಡಿಗೆ ಹೋದರು. ಅಲ್ಲಿ ಅಳತೆಪಟ್ಟಿ ಇಟ್ಟು ತೋರಿಸಿ, ಓಡಿಸಿದ್ದೀರಿ, ಸವೆದಿದೆ ಅಂದರು. ದುಡ್ಡು ಕೊಟ್ಟು ಬಂದರು. ಜಗಳ ಇಲ್ಲ.

ಈಗ ಭಾವನ ಕಥೆ. ನನ್ನ ಚೈನ್ ಪ್ರಸಂಗವನ್ನು ಫೋನಿನಲ್ಲಿ ಹೇಳಿದೆ. "ಅಯ್ಯೋ, ನಮ್ಮ ಪುಟ್ಟನ ಸೈಕಲ್ಲಿಂದೂ ಅದೇ ಕಥೆ ಕಣೋ" ಅಂದರು. ಮಗನಿಗೆ ಗೇರ್ ಸೈಕಲ್ ಕೊಡಿಸಿ ಮೂರು ವಾರ ಆಗಿತ್ತಂತೆ. ಅಂಗಡಿಯವನ ಮೊದಲ ಪ್ರಶ್ನೆ, "ಏನ್ ಮಾಡಿದ್ರಿ ಸಾರ್?" ಎರಡನೆಯದು, "ಹುಡುಗ್ರು ಡಬಲ್ಸ್ ಹೊಡೆದ್ರಾ?" ಆಮೇಲೆ ತೀರ್ಪು: ಚೈನ್‌ಗೆ ವಾರಂಟಿ ಬರಲ್ಲ, ಬೇಕಾದರೆ ಕಂಪನಿಗೆ ಫೋನ್ ಮಾಡಿ. ಕಂಪನಿಗೆ ಮಾಡಿದರೆ, ಡೀಲರ್ ಹತ್ತಿರ ಹೋಗಿ. ಡೀಲರ್ ಅಂದರೆ ಅದೇ ಅಂಗಡಿ.

"ನೀವೇನಂದ್ರಿ ಭಾವ?"

"ನಾನೇನನ್ನಲಿ? ಪುಟ್ಟನಿಗೇ ಎರಡು ಬಿಟ್ಟೆ, ಸರಿಯಾಗಿ ಓಡಿಸೋಕೆ ಬರಲ್ವಾ ಅಂತ."

ನೋಡಿ, ಕೊನೆಗೆ ಬೈಸಿಕೊಂಡದ್ದು ಹನ್ನೆರಡು ವರ್ಷದ ಹುಡುಗ. ಪಿನ್ ಸರಿಯಾಗಿ ಕೂರಿಸದವನೂ ಅಲ್ಲ, ಮಾರಿದವನೂ ಅಲ್ಲ.

ನಮ್ಮಲ್ಲಿ ಕಾನೂನೇ ಇಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಹೊರಗೆ ಕೂತವರು ಸುಮ್ನೆ ಹೇಳುವ ಮಾತು, ನಾನೂ ಮೊದಲು ಹೇಳುತ್ತಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಬಿಲ್ ಕೊಡದಿರುವುದೇ ಅದರ ಪ್ರಕಾರ ತಪ್ಪು. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಬರೆದಿರುವ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ ಮೂವತ್ತು ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದೂ ತಪ್ಪೇ. "ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವನು ಪಾರಾಗುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ವಕೀಲರು ಬೇಕೇಬೇಕು ಅಂತಿಲ್ಲ, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಆದರೆ ಎಡವುವುದು ಒಂದು ಕಡೆ ಇದೆ. ಇಲ್ಲಿನ ಹಾಗೆ ಮೊದಲ ವರ್ಷ ದೋಷ ಮಾರುವಾಗಲೇ ಇತ್ತು ಅಂತ ನಮ್ಮ ಕಾಯ್ದೆ ಅಂದುಕೊಳ್ಳುವುದಿಲ್ಲ. ಪರೀಕ್ಷೆ ಮಾಡದೆ ದೋಷ ಗೊತ್ತಾಗದು ಅಂತಾದರೆ ಆಯೋಗ ಸಾಮಾನನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ, ವರದಿಗೆ 45 ದಿನದ ಗಡುವು, ಅದರ ಖರ್ಚನ್ನು ದೂರು ಕೊಟ್ಟವನೇ ಮೊದಲು ಕಟ್ಟಬೇಕಾಗಬಹುದು. ಟಿವಿಯೋ ಫ್ರಿಜ್ಜೋ ಆದರೆ ಸರಿ. ಒಂದು ಚೈನ್‌ಗೆ ಯಾರು ಹೋಗ್ತಾರೆ? ಯಾರೂ ಹೋಗಲ್ಲ ಅಂತ ಅಂಗಡಿಯವನಿಗೂ ಗೊತ್ತು. ಹಾಗಾಗಿ "ಏನ್ ಮಾಡಿದ್ರಿ ಸಾರ್" ಅನ್ನುವ ಪ್ರಶ್ನೆ ಒರಟುತನದಿಂದ ಹುಟ್ಟಿದ್ದಲ್ಲ. ಸಾಬೀತು ಮಾಡುವ ಭಾರ ಯಾರ ತಲೆ ಮೇಲಿದೆ ಅಂತ ಚೆನ್ನಾಗಿ ತಿಳಿದವನ ಪ್ರಶ್ನೆ ಅದು. ಇಲ್ಲಿನ ಅಂಗಡಿಯವನನ್ನು ನಮ್ಮೂರಲ್ಲಿ ಕೂರಿಸಿದರೆ ಅವನೂ ಆರು ತಿಂಗಳಲ್ಲಿ ಅದನ್ನೇ ಕೇಳುತ್ತಾನೆ. ಭಾಷೆ ಕಲಿಯಬೇಕು, ಅಷ್ಟೇ.

ಒಂದು ಮಾತು ಮಾತ್ರ ನಮ್ಮೂರಿನ ಪರ ಹೇಳಲೇಬೇಕು. ಇಲ್ಲಿ ತಪ್ಪು ಒಪ್ಪಿಕೊಳ್ಳಲು ಮೆಕ್ಯಾನಿಕ್‌ಗೆ ಒಂದು ನಿಮಿಷ ಸಾಕಾಯಿತು, ಚೈನ್ ಹಾಕಿಕೊಡಲು ಎಂಟು ದಿನ ಬೇಕಾಯಿತು. ಮೊದಲು ಅಪಾಯಿಂಟ್‌ಮೆಂಟ್ ಆಗಬೇಕು. ಎಂಟೂ ದಿನ ಬಸ್ಸಿನಲ್ಲಿ ಓಡಾಡಿದೆ. ಪುಟ್ಟನ ಚೈನ್ ಅದೇ ಸಂಜೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಸರಿಯಾಗಿತ್ತು. ಆ ಮನುಷ್ಯ ಯಾರ ತಪ್ಪು ಅಂತ ಒಂದು ಮಾತೂ ಕೇಳದೆ ಮೊದಲು ಕೈಗೆ ಗ್ರೀಸ್ ಮಾಡಿಕೊಂಡನಂತೆ. ನಾಲ್ಕು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಿಟ್ಟುಕೊಂಡಿತು, ಅದು ಬೇರೆ ವಿಷಯ. ತಳ್ಳಿದ ಪಿನ್ನನ್ನೇ ಮತ್ತೆ ಒತ್ತಿದ್ದ.

ಆ ಎರಡನೇ ಸಲ ಭಾವನಿಗೆ ಹೇಳಿದೆ, ಬಿಲ್ ಹುಡುಕಿ, ತಾರೀಖು ನೋಡಿ, ಮೂವತ್ತು ದಿನ ಆಗುವುದರೊಳಗೆ ಹೋಗಿ, ಮೊದಲ ಸಲ ತುಂಡಾದಾಗ ತೆಗೆದ ಫೋಟೋ ತೋರಿಸಿ, ಜೋರು ಮಾಡಬೇಡಿ, ಕಾಯ್ದೆಯ ಹೆಸರು ಒಂದೇ ಸಲ ಹೇಳಿ. ಹೋದರು. ಸಂಜೆ ಫೋನ್ ಬಂತು.

"ಹೊಸ ಚೈನ್ ಹಾಕಿಕೊಟ್ಟ ಕಣೋ. ಚೈನ್‌ಗೆ ದುಡ್ಡು ತಗೊಳ್ಲಿಲ್ಲ. ಕೂಲಿ ಮಾತ್ರ ಕೊಡಿ ಅಂದ."

"ಕೊಟ್ರಾ?"

"ಕೊಟ್ಟೆ."

"ಯಾಕೆ ಭಾವ? ಅದನ್ನೂ ಅವನೇ ನೋಡ್ಕೋಬೇಕು."

"ಇರಲಿ ಬಿಡೋ. ನಾಳೆ ಬ್ರೇಕ್ ಹೋದ್ರೆ ಪುಟ್ಟನ್ನ ಎಲ್ಲಿಗೆ ಕಳಿಸ್ಲಿ, ನಿಮ್ಮ ಜರ್ಮನಿಗಾ?"