ವೈರ್ ಕೊಳ್ಳುವಾಗ ಹೊಗೆಯ ಬಗ್ಗೆಯೂ ಸ್ವಲ್ಪ ಕೇಳಿ

ಮನೆ ಕಟ್ಟಿಸುವವರು ಟೈಲ್ಸ್‌ಗಾಗಿ ಊರೆಲ್ಲಾ ಸುತ್ತುತ್ತಾರೆ. ವೈರ್ ಮಾತ್ರ ಎಲೆಕ್ಟ್ರಿಷಿಯನ್ ಹೇಳಿದ್ದೇ ಫೈನಲ್. ಡಬ್ಬದ ಮೇಲೆ ಎಫ್‌ಆರ್ (ಬೆಂಕಿ ಬೇಗ ಹಬ್ಬಲು ಬಿಡದ್ದು) ಅಂತ ಇದ್ದರೆ ಅಂಗಡಿಯವರು "ಸರ್, ಇದಕ್ಕೆ ಬೆಂಕಿ ಹತ್ತಲ್ಲ" ಅಂದುಬಿಡುತ್ತಾರೆ. ಹತ್ತುತ್ತದೆ ಸ್ವಾಮಿ, ನಿಧಾನವಾಗಿ. ಆಮೇಲೆ ಬರುವ ಹೊಗೆ ಎಂಥದ್ದು ಅಂತ ಯಾರೂ ಹೇಳಲ್ಲ.

ನಮ್ಮ ಮನೆಗಳ ವೈರ್ ಹೊದಿಕೆ ಹೆಚ್ಚಾಗಿ ಪಿವಿಸಿ ಅನ್ನುವ ಪ್ಲಾಸ್ಟಿಕ್. ಬೇರೇನೂ ಬೆರೆಸದ ಪಿವಿಸಿಯ ತೂಕದಲ್ಲಿ ಸುಮಾರು ಶೇ. 57 ಕ್ಲೋರಿನ್. ಬಿಸಿ 200 ಡಿಗ್ರಿ ದಾಟಿ ಏರುತ್ತಾ ಹೋದಂತೆ, ಇನ್ನೂ ಉರಿ ಕಾಣುವ ಮೊದಲೇ, ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಗೆ ಬರುತ್ತದೆ. ಕಣ್ಣು, ಗಂಟಲಿನ ಪಸೆ ಸಿಕ್ಕಿದರೆ ಅದೇ ಹೈಡ್ರೋಕ್ಲೋರಿಕ್ ಆಸಿಡ್. ಹೊಗೆಯಲ್ಲಿ ಜಾಸ್ತಿ ಜನರನ್ನು ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್, ನಿಜ. ಆದರೆ ಕಣ್ಣೇ ಬಿಡೋಕಾಗದವರು ಮೆಟ್ಟಿಲು ಹುಡುಕಿಕೊಂಡು ಹೊರಗೆ ಬರುವುದು ಹೇಗೆ?

ಈ ಆಸಿಡ್ ಅನಿಲವನ್ನು ಅಳೆಯುವ ಪರೀಕ್ಷೆ ನೋಡಿದರೆ ಪಿಯುಸಿ ಕೆಮಿಸ್ಟ್ರಿ ಲ್ಯಾಬ್ ನೆನಪಾಗುತ್ತದೆ. ಹೊದಿಕೆಯ ಚೂರುಗಳನ್ನು ಪುಟ್ಟ ತಟ್ಟೆಯಲ್ಲಿಟ್ಟು, ಕೊಳವೆಯಂಥ ಫರ್ನೇಸ್ ಒಳಗೆ ತಳ್ಳಿ, 800 ಡಿಗ್ರಿವರೆಗೆ ಕಾಯಿಸುತ್ತಾರೆ. ಒಂದು ಕಡೆಯಿಂದ ಗಾಳಿ ಹಾಯಿಸುತ್ತಾರೆ, ಇನ್ನೊಂದು ಕಡೆ ಹೊಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದೊಳಗೆ ಗುಳುಗುಳು ಅಂತ ಇಳಿಯುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟ್ ಹಾಕಿ ಟೈಟ್ರೇಶನ್, ಕ್ಲೋರೈಡ್ ಎಷ್ಟು, ಅದರಿಂದ ಆಸಿಡ್ ಅನಿಲ ಎಷ್ಟು ಅಂತ ಲೆಕ್ಕ. ಎಫ್‌ಆರ್‌ಎಲ್‌ಎಸ್ (ಎಫ್‌ಆರ್ ಜೊತೆಗೆ ಹೊಗೆಯೂ ಕಡಿಮೆ ಅನ್ನುವ ಪಿವಿಸಿ) ವೈರ್ ಆದರೆ ಈ ಅನಿಲ ಹೊದಿಕೆ ತೂಕದ ಶೇ. 20 ದಾಟಬಾರದು. ಅಂದರೆ 100 ಗ್ರಾಂ ಹೊದಿಕೆ ಸುಟ್ಟು 20 ಗ್ರಾಂ ಆಸಿಡ್ ಅನಿಲ ಬಂದರೂ ಪಾಸ್! ಅದೂ ಹೊದಿಕೆಗೆ ಮೊದಲೇ ಸೀಮೆಸುಣ್ಣದ ಪುಡಿ ಬೆರೆಸಿ, ಒಂದಷ್ಟು ಆಸಿಡ್ ಅದೇ ಹೀರಿಕೊಂಡ ಮೇಲೆ. ಹ್ಯಾಲೊಜೆನ್ (ಕ್ಲೋರಿನ್ ಮತ್ತು ಅದರ ಜಾತಿಯ ಮೂಲವಸ್ತುಗಳು) ಇಲ್ಲದ ವೈರಿಗೆ ಮಿತಿ ಶೇ. 0.5. ಎಲ್ಲಿ 20, ಎಲ್ಲಿ ಅರ್ಧ!

2010ರ ಫೆಬ್ರವರಿ 23, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನೆನಪಿದೆ ಅಲ್ವಾ? ಎಲೆಕ್ಟ್ರಿಕಲ್ ಡಕ್ಟ್‌ನಲ್ಲಿ (ಕೇಬಲ್‌ಗಳು ಹಾದುಹೋಗುವ ಜಾಗ) ಹತ್ತಿದ ಬೆಂಕಿ, ಕಟ್ಟಡದ ತುಂಬಾ ಹೊಗೆ, 9 ಸಾವು. ಹೊಗೆ ತಾಳಲಾರದೆ ಕೆಲವರು ಮೇಲಿಂದ ಹಾರಿದರು.

ಹ್ಯಾಲೊಜೆನ್ ಇಲ್ಲದ ವೈರ್ ಸುಟ್ಟರೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದೇನು ಪನ್ನೀರಲ್ಲ. ರೇಟೂ ಜಾಸ್ತಿ. ಮನೆಪೂರ್ತಿ ಅದನ್ನೇ ಹಾಕಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಪಾರ್ಟ್‌ಮೆಂಟಿನ ಡಕ್ಟ್, ಲಾಬಿ, ಮೆಟ್ಟಿಲ ಪಕ್ಕ ಮೇಲಕ್ಕೆ ಹೋಗುವ ಲೈನ್‌ಗಳಿಗೆ ಪಿವಿಸಿ ಬೇಡವೇ ಬೇಡ. ಗ್ರಾನೈಟ್ ಲಾಬಿಗೆ ದುಡ್ಡಿದೆ, ಇದಕ್ಕಿಲ್ವಾ? ಅಸೋಸಿಯೇಶನ್ ಮೀಟಿಂಗ್‌ನಲ್ಲಿ ಬಿಲ್ಡರ್ ಹತ್ತಿರ ಕೇಬಲ್ಲಿನ ಟೆಸ್ಟ್ ರಿಪೋರ್ಟ್ ಕೇಳಿ. ಆಸಿಡ್ ಗ್ಯಾಸ್ ಅಂತ ಒಂದು ಸಾಲು ಇರುತ್ತದೆ, ಅದರ ಮುಂದಿನ ನಂಬರ್ ಓದಿ.